ಹೊಸ ಬ್ಯಾಕ್ಟೀರಿಯಾ ಸಿಕ್ಕಿತು ಅನ್ನುವ ಮುಂಚೆ

ಚಳ್ಳಕೆರೆ ಕಡೆಯ ಕೆಂಪು ನೆಲದ ಶೇಂಗಾ ಬೇರುಗಳಲ್ಲಿ ಬ್ಯಾಕ್ಟೀರಿಯಾ ಹುಡುಕುತ್ತ ನಾನು ಕಲಿತದ್ದಕ್ಕಿಂತ ಕೆಡಿಸಿದ್ದೇ ಹೆಚ್ಚು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಉಪಯೋಗವಾದೀತೆಂದು ಕೆಲವನ್ನು ಇಲ್ಲಿ ಹೇಳುತ್ತೇನೆ.

1. ಕೊನೆಯ ನೀರನ್ನು ಚೆಲ್ಲಬೇಡಿ

ಬೇರುಗಂಟನ್ನು ಶೇ. 70ರ ಆಲ್ಕೋಹಾಲ್, ಆಮೇಲೆ ಸೋಡಿಯಂ ಹೈಪೋಕ್ಲೋರೈಟಿನಲ್ಲಿ ಅದ್ದಿ, ಶುದ್ಧೀಕರಿಸಿದ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುತ್ತೇವೆ. ಕಡೆಯ ಸಲ ತೊಳೆದ ನೀರನ್ನೂ ಪ್ಲೇಟಿಗೆ ಹಚ್ಚಬೇಕು. ಅದರಲ್ಲಿ ಏನೂ ಬೆಳೆಯಕೂಡದು. ನಾನು ಸಿಂಕಿಗೆ ಸುರಿದಿದ್ದೆ. ಗಂಟಿನೊಳಗಿನದೆಂದು ಜೋಪಾನ ಮಾಡಿದ್ದು ಹೊರಮೈಗೆ ಅಂಟಿದ್ದ ಮಣ್ಣಿನ ಬ್ಯಾಸಿಲಸ್.

2. ಮೊದಲು ಎದ್ದವನೇ ಯಜಮಾನನಲ್ಲ

ಚೆನ್ನಾಗಿ ಕೆಲಸ ಮಾಡುವ ಗಂಟನ್ನು ಸೀಳಿದರೆ ಒಳಗೆ ಕೆಂಪು, ಅದು ಲೆಗ್‌ಹಿಮೊಗ್ಲೋಬಿನ್. ಅಲ್ಲಿ ಸಾರಜನಕ ಹಿಡಿದಿಡುವ ಬ್ರ್ಯಾಡಿರೈಜೋಬಿಯಂ ಪ್ಲೇಟಿನ ಮೇಲೆ ಮಹಾ ನಿಧಾನಿ. ಯೀಸ್ಟ್ ಮ್ಯಾನಿಟಾಲ್ ಅಗಾರಿನಲ್ಲಿ ಚುಕ್ಕಿಯಷ್ಟು ಕಾಣಲು ಐದಾರು ದಿನ ಬೇಕು. ಎರಡನೇ ದಿನವೇ ಲೋಳೆಲೋಳೆಯಾಗಿ ಹರಡಿದ್ದನ್ನು ಕಂಡು ಹಿಗ್ಗಿ, ಅದನ್ನೆತ್ತಿಕೊಂಡು ಪ್ಲೇಟುಗಳನ್ನು ಎಸೆದೆ. ಈಗ ವಾರ ದಾಟುವವರೆಗೆ ಕಾಯುತ್ತೇನೆ. ಶುದ್ಧ ಮರಳಿನಲ್ಲಿ ಬೆಳೆಸಿದ ಶೇಂಗಾ ಸಸಿಗೆ ಮರಳಿ ಕೊಟ್ಟು, ಗಂಟು ಕಟ್ಟುತ್ತದೆಯೇ ನೋಡದೆ ಮುಂದೆ ಹೋಗುವುದಿಲ್ಲ.

3. 16ಎಸ್ ನಂಬಿ ಸಿಹಿ ಹಂಚಬೇಡಿ

ಬ್ಯಾಕ್ಟೀರಿಯಾದ ಗುರುತಿಗೆ ಮೊದಲು ಓದುವ 16ಎಸ್ ಜೀನಿನ ಉದ್ದ ಸುಮಾರು 1500 ಅಕ್ಷರ. ಹತ್ತಿರದ ಪ್ರಭೇದದ ಮೂಲ ತಳಿಯೊಂದಿಗೆ ಹೋಲಿಕೆ ಶೇ. 98.7ಕ್ಕಿಂತ ಕಡಿಮೆಯಿದ್ದರೆ ಹೊಸದಿರಬಹುದೆಂಬ ಸುಳಿವು. ನನ್ನದು ಶೇ. 97 ಬಂದದ್ದೇ ತಡ, ಪ್ರಯೋಗಾಲಯಕ್ಕೆಲ್ಲ ಜಿಲೇಬಿ. ಕ್ರೊಮ್ಯಾಟೋಗ್ರಾಂ ತೆರೆದದ್ದು ಆಮೇಲೆ: ಎರಡೂ ತುದಿಗಳಲ್ಲಿ ಬಣ್ಣದ ಗೆರೆಗಳು ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಓದಲಾಗದ್ದನ್ನೆಲ್ಲ ವ್ಯತ್ಯಾಸವೆಂದು ಎಣಿಸಿದ್ದೆ. ಆ ತುದಿಗಳನ್ನು ಕತ್ತರಿಸಿದಾಗ ಹೋಲಿಕೆ ಶೇ. 99 ದಾಟಿತು. ತಮಾಷೆಯೆಂದರೆ, ಅಷ್ಟಕ್ಕೇ ಅದು ಹಳೆಯದೆಂದೂ ತೀರ್ಮಾನವಾಗುವುದಿಲ್ಲ! ಬ್ರ್ಯಾಡಿರೈಜೋಬಿಯಂ ಕುಲದ ಎಷ್ಟೋ ಪ್ರಭೇದಗಳ 16ಎಸ್ ಹೆಚ್ಚುಕಡಿಮೆ ಒಂದೇ. ಹಾಗಾಗಿ ರೆಕ್-ಎ, ಗೈರ್-ಬಿಯಂಥ ಜೀನ್‌ಗಳನ್ನೂ, ಕೊನೆಗೆ ಇಡೀ ಜೀನೋಮನ್ನೂ ನೋಡಬೇಕು. ಜೀನೋಮುಗಳ ಸರಾಸರಿ ಸಾಮ್ಯ ಶೇ. 95–96ಕ್ಕಿಂತ ಕೆಳಗಿದ್ದರೆ ಬೇರೆ ಪ್ರಭೇದವೆಂದು ವಾದಿಸಲು ನೆಲೆ ಸಿಗುತ್ತದೆ.

4. ಹೆಸರಿಗೆ ಮುಂಚೆ ಕಾಗದಪತ್ರ

ಊರಿನ ಹೆಸರಿಡುವ ಆಸೆ ನನಗೂ ಇತ್ತು. ಲ್ಯಾಟಿನ್ ರೂಪವನ್ನೂ ಗೀಚಿಕೊಂಡಿದ್ದೆ. ಆದರೆ ಮೂಲ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಾರ್ವಜನಿಕ ಸಂಗ್ರಹಗಳಲ್ಲಿ ಇಡದೆ ಹೆಸರಿಗೆ ಮಾನ್ಯತೆಯಿಲ್ಲ. ನಮ್ಮ ತಳಿ ಗಡಿ ದಾಟಬೇಕಾದರೆ 2002ರ ಜೀವವೈವಿಧ್ಯ ಕಾಯ್ದೆಯ ವಿಧಿಗಳೂ ಇವೆ. ಇದನ್ನು ಬರವಣಿಗೆ ಮುಗಿದ ಮೇಲಲ್ಲ, ತಳಿ ಕೈಗೆ ಬಂದ ದಿನವೇ ವಿಚಾರಿಸಿ. ಗ್ಲಿಸರಾಲಿನಲ್ಲಿ ಮೈನಸ್ 80 ಡಿಗ್ರಿಗೆ ಇಡುವ ಪ್ರತಿ ಶೀಶೆಯ ಮೇಲೂ ಹೊಲ, ಶೇಂಗಾ ತಳಿ, ದಿನಾಂಕ ಬರೆಯಿರಿ, ಅದೂ ಮಂಜಿಗೆ ಅಳಿಸದ ಶಾಯಿಯಲ್ಲಿ.