ಬೀಜ ಬ್ಯಾಂಕಿಗೆ ಕಟ್ಟಡ ಬೇಡ, ಉಣ್ಣುವವರು ಬೇಕು

ಊರಲ್ಲೊಂದು ಬೀಜ ಬ್ಯಾಂಕ್ ಮಾಡೋಣ ಎಂದರೆ ಜನ ಮೊದಲು ಕೇಳುವುದು, ಜಾಗ ಎಲ್ಲಿ, ಅನುದಾನ ಎಷ್ಟು ಅಂತ. ಎರಡೂ ಬೇಡ. ಒಂದು ಬೀರು, ಒಂದಿಷ್ಟು ಡಬ್ಬಿ, ಒಂದು ಲೆಕ್ಕದ ಪುಸ್ತಕ, ಮಾತಿಗೆ ನಿಲ್ಲುವ ಏಳೆಂಟು ಮನೆ ಇದ್ದರೆ ಈ ಮುಂಗಾರಿಗೇ ಶುರು ಮಾಡಬಹುದು. ಕಾಸರಗೋಡಿನ ಸತ್ಯನಾರಾಯಣ ಬೆಳೇರಿ ಅವರು ಭತ್ತದ ತಳಿಗಳನ್ನು ಕಾಗದದ ಲೋಟ, ಗ್ರೋ ಬ್ಯಾಗುಗಳಲ್ಲೇ ಬೆಳೆಸಿ 650ಕ್ಕೂ ಹೆಚ್ಚು ತಳಿ ಉಳಿಸಿದರು. 2024ರಲ್ಲಿ ಪದ್ಮಶ್ರೀ ಬಂತು. ಶಿರಸಿಯ ವನಸ್ತ್ರೀ ಬಳಗದ ಹೆಂಗಸರು 2001ರಿಂದ ಹಿತ್ತಲಿನ ಬೀಜಗಳನ್ನೇ ಕೈಯಿಂದ ಕೈಗೆ ದಾಟಿಸುತ್ತ ಬಂದಿದ್ದಾರೆ. ಜಾಗ ಚಿಕ್ಕದೆಂದು ಇವರ ಕೆಲಸ ನಿಲ್ಲಲಿಲ್ಲ. ಕೆಲಸ ನಿಲ್ಲುವುದು ಬೆಳೆದದ್ದನ್ನು ಉಣ್ಣುವವರು ಇಲ್ಲದಾಗ. ಹಾಗಾಗಿ ಶುರು ಅಡುಗೆಮನೆಯಿಂದಲೇ ಆಗಲಿ.

ಹಂತ 1: ಊಟದ ಮಾತು ತೆಗೆಯಿರಿ

"ನಿಮ್ಮಲ್ಲಿ ನಾಟಿ ತಳಿ ಇದೆಯಾ?" ಎಂದು ಕೇಳಿದರೆ "ಎಲ್ಲಾ ಹೋಯ್ತು ಸ್ವಾಮಿ" ಎಂಬ ಉತ್ತರ ಗ್ಯಾರಂಟಿ. "ಹಿತಕಿದ ಬೇಳೆ ಸಾರಿಗೆ ಯಾವ ಅವರೆ ಚೆನ್ನ? ಬಾಣಂತಿಗೆ ಯಾವ ಅಕ್ಕಿ ಗಂಜಿ ಮಾಡ್ತಿದ್ರಿ?" ಎಂದು ಕೇಳಿ ನೋಡಿ. ಅಜ್ಜಿಗೆ ಹೆಸರು ನೆನಪಾಗುತ್ತದೆ, ಹೆಸರಿನ ಹಿಂದೆಯೇ ಅದು ಯಾರ ಮನೆಯಲ್ಲಿದೆ ಎಂಬುದೂ. ಅಟ್ಟದ ಮೇಲಿನ ಒಣಗಿದ ಸೋರೆಬುರುಡೆ ಕೆಳಗಿಳಿಯುವುದು ಆಮೇಲೆ. ಅದರೊಳಗೆ ಮುಷ್ಟಿ ಅವರೆ ಸಿಕ್ಕರೂ ನಿಮ್ಮ ಬ್ಯಾಂಕಿಗೆ ಬಂಡವಾಳ ಸಿಕ್ಕ ಹಾಗೆ.

ದೂರದ ತಳಿಗೆ ಆಸೆಪಡಬೇಡಿ. ಕುಮಟಾ ಬಳಿ ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳಿಕೊಂಡು ಬೆಳೆಯುವ ಕಗ್ಗ ಭತ್ತ ಅಲ್ಲಿಯದು. ಅದನ್ನು ಕೋಲಾರಕ್ಕೆ ತಂದು ಸಾಧಿಸುವುದೇನೂ ಇಲ್ಲ. ಮೊದಲ ವರ್ಷ ಐದಾರು ತಳಿ ಸಾಕು: ಒಂದು ರಾಗಿ, ಎರಡು ಭತ್ತ, ಅವರೆ, ಅಲಸಂದೆ, ಹೀರೆ. ಪಟ್ಟಿ ಉದ್ದ ಮಾಡುವ ಚಪಲ ಎಲ್ಲರಿಗೂ ಇರುತ್ತದೆ, ತಡೆದುಕೊಳ್ಳಿ.

ಹಂತ 2: ಗೋಣಿತಾಟಿನ ಪರೀಕ್ಷೆ

ಸಿಕ್ಕ ಬೀಜಕ್ಕೆ ಜೀವ ಇದೆಯೇ ನೋಡಿ. ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನ ಮೇಲೆ ಹತ್ತತ್ತರ ಸಾಲು ಹಚ್ಚಿ, ಸುರುಳಿ ಸುತ್ತಿ ನೆರಳಲ್ಲಿಡಿ. ದಿನವೂ ನೀರು ಚಿಮುಕಿಸಿ. ವಾರದೊಳಗೆ ಎಂಬತ್ತು ಮೊಳೆತರೆ ಸೈ. ಅರವತ್ತಕ್ಕಿಂತ ಕಡಿಮೆಯಾದರೆ ಅದನ್ನು ಹಂಚಬೇಡಿ. ಒತ್ತಾಗಿ ಬಿತ್ತಿ, ಬೀಜಕ್ಕಾಗಿಯೇ ಒಂದು ಬೆಳೆ ತೆಗೆಯಿರಿ. ಈಗಷ್ಟೇ ಕೊಯ್ದ ಭತ್ತ ಮೊಳೆಯಲಿಲ್ಲವೆಂದು ಎಸೆದುಬಿಡಬೇಡಿ. ಹಲವು ತಳಿಗಳು ಕೊಯ್ಲಾದ ಮೇಲೆ ಕೆಲವು ವಾರ ನಿದ್ದೆಯಲ್ಲಿರುತ್ತವೆ.

ಹಂತ 3: ಬೀಜಕ್ಕೆ ಆರಿಸುವುದು ಹೊಲದಲ್ಲಿ, ಕಣದಲ್ಲಲ್ಲ

ಹೊಸಬರು ಎಡವುವುದು ಇಲ್ಲಿಯೇ. ಒಕ್ಕಣೆ ಮುಗಿಸಿ ರಾಶಿಯಿಂದ ಎರಡು ಸೇರು ಬೀಜಕ್ಕೆ ಎತ್ತಿಡುತ್ತಾರೆ. ರಾಶಿಯಲ್ಲಿ ಗಿಡದ ಚರಿತ್ರೆ ಕಾಣುವುದಿಲ್ಲ. ಯಾವುದು ಬಾಗಿತ್ತು, ಯಾವುದಕ್ಕೆ ರೋಗವಿತ್ತು, ಯಾವುದು ಬೆರಕೆ ಎಂದು ಹೇಳುವುದು ನಿಂತ ಪೈರು ಮಾತ್ರ. ತೆನೆ ಬಲಿಯುವ ಹೊತ್ತಿಗೆ ಹೊಲಕ್ಕಿಳಿದು ಒಳ್ಳೆಯ ಗಿಡಗಳಿಗೆ ದಾರ ಕಟ್ಟಿ, ಅವನ್ನು ಬೇರೆಯಾಗಿಯೇ ಕೊಯ್ಯಿರಿ. ಬದುವಿನಂಚಿನ ದಪ್ಪ ತೆನೆಗೆ ಮರುಳಾಗಬೇಡಿ. ಅಂಚಿನ ಗಿಡಕ್ಕೆ ಬಿಸಿಲು, ಗೊಬ್ಬರ, ಜಾಗ ಎಲ್ಲ ಧಾರಾಳ. ನಡುಹೊಲದಲ್ಲಿ ಎಲ್ಲರೊಡನೆ ಗುದ್ದಾಡಿ ಗೆದ್ದದ್ದನ್ನು ಹುಡುಕಿ. ಒಂದೆರಡು ತೆನೆಗೆ ನಿಲ್ಲದೆ ಐವತ್ತು ಗಿಡಗಳಿಂದಾದರೂ ತೆಗೆಯಿರಿ.

ರಾಗಿ, ಭತ್ತ, ಅವರೆ ಬಹುಮಟ್ಟಿಗೆ ತಮ್ಮ ಪರಾಗದಲ್ಲೇ ಕಾಳು ಕಟ್ಟುವುದರಿಂದ ಸುಲಭ. ಮೆಕ್ಕೆಜೋಳ, ಕುಂಬಳ, ಸೌತೆ, ಹೀರೆ ಹಾಗಲ್ಲ. ಗಾಳಿಯೋ ಜೇನೋ ಪಕ್ಕದ ಹೊಲದ ಪರಾಗ ತಂದು ಬೆರೆಸಿಬಿಡುತ್ತವೆ. ಹೀರೆಯ ತಳಿ ಶುದ್ಧವಾಗಿ ಬೇಕಿದ್ದರೆ ಅದರ ಹೂ ಅರಳುವುದು ಸಂಜೆ ಎಂಬುದು ಗೊತ್ತಿರಲಿ. ಮಧ್ಯಾಹ್ನವೇ ಗಂಡು, ಹೆಣ್ಣು ಮೊಗ್ಗುಗಳೆರಡಕ್ಕೂ ತೆಳುಬಟ್ಟೆ ಕಟ್ಟಿ. ಅರಳಿದ ಮೇಲೆ ಗಂಡು ಹೂವನ್ನು ಕಿತ್ತು ಹೆಣ್ಣಿಗೆ ಸವರಿ, ಮತ್ತೆ ಬಟ್ಟೆ ಕಟ್ಟಿ, ತೊಟ್ಟಿಗೆ ಬಣ್ಣದ ದಾರ ಸುತ್ತಿ. ಆ ಕಾಯಿಯನ್ನು ಯಾರೂ ಸಾರಿಗೆ ಕೊಯ್ಯದಂತೆ ಮನೆಯಲ್ಲಿ ಹೇಳಿಡಿ. ಬಳ್ಳಿಯಲ್ಲೇ ಒಣಗಿ ಒಳಗೆ ಕಾಳು ಗಿಲಗಿಲ ಅನ್ನಬೇಕು.

ಹಂತ 4: ಒಣಗಿಸಿ, ತುಂಬಿಡಿ

ಎಳೆಬಿಸಿಲು ಒಳ್ಳೆಯದು. ಮಟಮಟ ಮಧ್ಯಾಹ್ನದ ಸಿಮೆಂಟು ಕಣ ಬೀಜವನ್ನು ಬೇಯಿಸಿಬಿಡುತ್ತದೆ. ತೇವ ಹೋಯಿತೇ ಎಂದು ತಿಳಿಯಲು ಒಣ ಗಾಜಿನ ಬಾಟಲಿಗೆ ಬೀಜ, ಜೊತೆಗೊಂದು ಚಮಚ ಒಣ ಪುಡಿ ಉಪ್ಪು ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಡಿ. ಉಪ್ಪು ಗಾಜಿಗೆ ಮೆತ್ತಿಕೊಂಡರೆ ಇನ್ನೂ ಒಣಗಬೇಕು. ರಾಗಿಗೆ ಹುಳುವಿನ ಕಾಟ ಕಡಿಮೆ. ಹಿಂದಿನವರು ಹಗೇವಿನಲ್ಲಿ ವರ್ಷಗಟ್ಟಲೆ ಇಡುತ್ತಿದ್ದರು. ಕಷ್ಟ ಇರುವುದು ದ್ವಿದಳದ್ದು. ಹುಳು ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆಯಿಟ್ಟು ಬಂದಿರುತ್ತದೆ. ತೊಗರಿಗೆ ಕೆಮ್ಮಣ್ಣು ಕಟ್ಟಿ, ಅವರೆ, ಅಲಸಂದೆಗೆ ಜರಡಿ ಹಿಡಿದ ಬೂದಿ ಬೆರೆಸಿ, ಮೇಲೆ ಬೇವಿನ ಇಲ್ಲವೇ ಲಕ್ಕಿ ಸೊಪ್ಪು ಹಾಕಿ ಬಾಯಿ ಬಿಗಿಯಿರಿ. ಕುಂಬಳ, ಸೌತೆಯ ಬೀಜವನ್ನು ಸಗಣಿಯಲ್ಲಿ ಒತ್ತಿ ಗೋಡೆಗೆ ತಟ್ಟುವ ಪದ್ಧತಿ ಈಗಲೂ ಚೆನ್ನಾಗಿಯೇ ನಡೆಯುತ್ತದೆ.

ಹಂತ 5: ಸಾಲದ ಪುಸ್ತಕ

ಒಂದು ಸೇರು ಒಯ್ದವರು ಸುಗ್ಗಿಯಲ್ಲಿ ಎರಡು ಸೇರು ಕೊಡಬೇಕು. ಮಳೆ ಕೈಕೊಟ್ಟ ವರ್ಷ ಬಾಕಿ ಮುಂದಕ್ಕೆ. ಪುಸ್ತಕದಲ್ಲಿ ತಳಿಯ ಹೆಸರು, ಕೊಟ್ಟ ಮನೆ, ಮಣ್ಣು, ಬಿತ್ತಿದ ಮಳೆ, ಕೊಯ್ದ ದಿನ, ಅಡುಗೆಯ ರುಚಿ ಇಷ್ಟೂ ಇರಲಿ. ಪ್ರತಿ ತಳಿ ಮೂರು ಮನೆಗಳಲ್ಲಾದರೂ ಬೆಳೆಯಬೇಕು. ಒಬ್ಬರ ಹೊಲಕ್ಕೆ ಆನೆ ನುಗ್ಗಿದರೂ ಇನ್ನೊಬ್ಬರಲ್ಲಿ ಉಳಿದಿರುತ್ತದೆ. ಹೀಗೆ ಬೀಜ ಹಂಚುವುದು ಕಾನೂನಿಗೆ ವಿರುದ್ಧವೇ ಎಂಬ ಅನುಮಾನ ಆಗಾಗ ಬರುತ್ತದೆ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ರೈತ ಬೀಜ ಉಳಿಸಬಹುದು, ಬಿತ್ತಬಹುದು, ಹಂಚಬಹುದು, ಮಾರಲೂಬಹುದು. ಸಂರಕ್ಷಿತ ತಳಿಯ ಬೀಜವನ್ನು ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೆ.

ಹಂತ 6: ತಟ್ಟೆಗೆ ದಾರಿ

ಬೆಳೆದ ರಾಜಮುಡಿಯೋ ರತ್ನಚೂಡಿಯೋ ಅಕ್ಕಿಯಾಗದೆ ಯಾರ ಮನೆಗೂ ಹೋಗದು. ದೊಡ್ಡ ಮಿಲ್ಲಿನವರಿಗೆ ನಾಲ್ಕು ಚೀಲ ಭತ್ತ ಕೆಲಸಕ್ಕೆ ಬಾರದ ಸರಕು. ಹಾಕಿಕೊಂಡರೂ ಹಿಂದಿನವರ ಅಕ್ಕಿ ಒಳಗೆ ಉಳಿದು ಬೆರಕೆಯಾಗುತ್ತದೆ. ಸಣ್ಣ ಹಲ್ಲರ್ ಇರುವವರನ್ನು ಹುಡುಕಿ, ವಾರದಲ್ಲಿ ಒಂದು ದಿನ ನಾಟಿ ಭತ್ತಕ್ಕೆಂದೇ ಮೀಸಲಿಡಿಸಿ. ನವಣೆ, ಸಾಮೆಯ ಸಿಪ್ಪೆ ತೆಗೆಯುವುದಕ್ಕೂ ಇದೇ ಪಾಡು. ಎಷ್ಟೋ ಊರಲ್ಲಿ ಸಿರಿಧಾನ್ಯ ಬಿಟ್ಟುಹೋದದ್ದು ಒನಕೆ ಹಿಡಿಯುವ ಹೆಂಗಸರ ರಟ್ಟೆ ಸೋತದ್ದರಿಂದ. ಅದನ್ನು ಮರೆತು ಸಂಪ್ರದಾಯದ ಭಾಷಣ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಮಾರಾಟಕ್ಕೆ ಮಂಗಳೂರಿನ ಸಾವಯವ ಕೃಷಿಕ ಗ್ರಾಹಕ ಬಳಗದ ಭಾನುವಾರದ ಸಂತೆ ಒಳ್ಳೆಯ ಮೇಲ್ಪಂಕ್ತಿ: ಬೆಳೆದವರೇ ಎದುರು ಕೂತು ಮಾರುತ್ತಾರೆ. ಸಾವಯವ ಎಂಬ ದಾಖಲೆ ಬೇಕೆನಿಸಿದರೆ ಐವರು ರೈತರು ಗುಂಪಾಗಿ ಸಹಭಾಗಿತ್ವದ ಖಾತರಿ ವ್ಯವಸ್ಥೆಯಾದ ಪಿಜಿಎಸ್‌ಗೆ ಸೇರಬಹುದು. ಅಲ್ಲಿ ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸುತ್ತಾರೆ. ದರವನ್ನು ಬಿತ್ತನೆಗೆ ಮುಂಚೆಯೇ ಗಿರಾಕಿಗಳ ಜೊತೆ ಕೂತು ನಿಗದಿ ಮಾಡಿ, ಅದೇ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ.

ಯುಗಾದಿ ಕಳೆದು ಮುಂಗಾರು ಶುರುವಾಗುವ ಮುಂಚೆ ಒಂದು ಭಾನುವಾರ ಬೀಜ ಹಂಚಿ. ಎರಡು ಹಿಡಿಗಿಂತ ಕಡಿಮೆ ಉಳಿದ ತಳಿಯ ಡಬ್ಬಿಗೆ ಕೆಂಪು ಚೀಟಿ ಅಂಟಿಸಿ, ಅದನ್ನು ಬಿತ್ತಿ ಹೆಚ್ಚಿಸುವ ಮನೆಗೆ ಬಿಟ್ಟು ಬೇರೆ ಯಾರಿಗೂ ಕೊಡಬೇಡಿ, ನೆಂಟರೇ ಬಂದು ಕೇಳಿದರೂ.