ಆಸ್ಪತ್ರೆಯ ಬಿಲ್ಲು ಹಣವಾಗುವವರೆಗೆ

ಆಸ್ಪತ್ರೆಯ ಲೆಕ್ಕಪತ್ರಕ್ಕೂ ವರ್ತಕರಿಗೂ ಏನು ಸಂಬಂಧವೆಂದು ಕೆಲವು ವಾಚಕರು ಕೇಳಬಹುದು. ಔಷಧ, ಆಮ್ಲಜನಕ, ಹಾಸಿಗೆ-ಹೊದಿಕೆ, ಮುದ್ರಣ ಸಾಮಗ್ರಿಗಳನ್ನು ಆಸ್ಪತ್ರೆಗಳಿಗೆ ಉದ್ರಿ ಕೊಡುವವರು ನಮ್ಮಂಥ ಊರುಗಳ ವರ್ತಕರೇ. ಅಲ್ಲಿ ವಸೂಲಿ ತಡವಾದರೆ ಅದರ ಬಿಸಿ ಮೊದಲು ತಟ್ಟುವುದು ಇವರಿಗೆ.

ಹಿಂದೆ ಡೋಣಿಯಿಂದ ರೋಗಿಯನ್ನು ಗದಗಿಗೆ ಕರೆತಂದವರು ಬಿಡುಗಡೆಯ ದಿನ ಹಣ ಎಣಿಸಿಕೊಟ್ಟು ಹೋಗುತ್ತಿದ್ದರು. 2003ರ ಜೂನ್‌ನಲ್ಲಿ ಯಶಸ್ವಿನಿ ಯೋಜನೆ ಬಂದಾಗ ಸಹಕಾರ ಸಂಘದ ಸದಸ್ಯನು ವರ್ಷಕ್ಕೆ 60 ರೂಪಾಯಿ ತೆತ್ತು ಶಸ್ತ್ರಚಿಕಿತ್ಸೆ ಪಡೆಯುವಂತಾಯಿತು. 1905ರಲ್ಲೇ ಕಣಗಿನಹಾಳದಲ್ಲಿ ಸಹಕಾರ ಸಂಘ ಕಂಡ ಜಿಲ್ಲೆಗೆ ಇದು ಒಪ್ಪುವ ಮಾತೇ. ಆದರೆ ಅಲ್ಲಿಂದ ಚಿಕಿತ್ಸೆ ಪಡೆಯುವವನು ಒಬ್ಬ, ಹಣ ಕೊಡುವವನು ಇನ್ನೊಬ್ಬ ಎಂಬಂತಾಯಿತು. 2018ರ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ, 2023ರ ಜನವರಿಯಲ್ಲಿ ಮರಳಿ ಬಂದ ಯಶಸ್ವಿನಿ, ಖಾಸಗಿ ವಿಮೆಯ ನಗದುರಹಿತ ಸೌಲಭ್ಯ ಎಲ್ಲವೂ ಇದೇ ಬಗೆಯವು.

ನಾನು ಲೆಕ್ಕ ನೋಡುತ್ತಿದ್ದ 30 ಹಾಸಿಗೆಗಳ ಆಸ್ಪತ್ರೆಯೊಂದರ ವೈದ್ಯರು ಒಮ್ಮೆ, "ಸರ, ಹಾಸಿಗಿ ಖಾಲಿ ಇರೂದಿಲ್ಲ, ಪಗಾರಕ್ಕ ರೊಕ್ಕ ಇರೂದಿಲ್ಲ" ಎಂದರು. ಕಡತಗಳನ್ನು ತೆರೆದೆವು. ತಿರಸ್ಕೃತವಾದ ಕ್ಲೇಮುಗಳಲ್ಲಿ ವೈದ್ಯಕೀಯ ತಕರಾರಿನವು ಕೆಲವೇ. ಪಡಿತರ ಚೀಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವಿಲ್ಲ. ಪೂರ್ವಾನುಮತಿ ಪಡೆದದ್ದು ಒಂದು ಚಿಕಿತ್ಸೆಗೆ, ಮಾಡಿದ್ದು ಮತ್ತೊಂದು. ಬಿಡುಗಡೆ ಪತ್ರಕ್ಕೆ ಸಹಿಯಿಲ್ಲ. ರೋಗಿ ಹಾಸಿಗೆಯಲ್ಲಿರುವಾಗ ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸಕ್ಕೆ ಆಮೇಲೆ ಅವನ ಊರಿಗೆ ಆಳು ಕಳಿಸಬೇಕಾಗಿತ್ತು.

ಇನ್ನೊಂದು ದೋಷ ಕಿರ್ದಿಯಲ್ಲಿಯೇ ಇತ್ತು. ಯೋಜನೆಯ ದರ 45,000 ರೂಪಾಯಿ ಇರುವಲ್ಲಿ ಆಸ್ಪತ್ರೆಯ ಸ್ವಂತ ದರದಂತೆ 62,000 ಎಂದು ಆದಾಯ ಬರೆಯುತ್ತಿದ್ದರು. ಉಳಿದ 17,000 ಎಂದಿಗೂ ಬಾರದ ಹಣ. ಆದರೂ ಬಾಕಿದಾರರ ಖಾತೆಯಲ್ಲಿ ಆಸ್ತಿಯಾಗಿ ಕುಳಿತಿತ್ತು, ಅದರ ಮೇಲೆ ತೆರಿಗೆಯೂ ಕಟ್ಟಲಾಗಿತ್ತು. ವಸೂಲಿಯ ಭರವಸೆಯಿಲ್ಲದ್ದನ್ನು ಆದಾಯವೆನ್ನಬಾರದೆಂಬುದು ಲೆಕ್ಕಪತ್ರ ಮಾನದಂಡ 9ರ ತಿರುಳು.

ವಿಮಾ ಮಧ್ಯವರ್ತಿ ಸಂಸ್ಥೆಗಳು ಮೂಲದಲ್ಲಿಯೇ ತೆರಿಗೆ ಮುರಿಯಬೇಕೆಂದು 2009ರ ನವೆಂಬರ್‌ನಲ್ಲಿ ಪ್ರತ್ಯಕ್ಷ ತೆರಿಗೆಗಳ ಮಂಡಳಿ ಸುತ್ತೋಲೆ ಹೊರಡಿಸಿತು. 1,00,000ದ ಕ್ಲೇಮಿಗೆ 10,000 ಮುರಿದು 90,000 ಬ್ಯಾಂಕಿಗೆ ಬಂದಾಗ ಗುಮಾಸ್ತನು 90,000ವನ್ನೇ ಆದಾಯವೆಂದು ಬರೆದರೆ ಇಲಾಖೆಯ ದಾಖಲೆಗೂ ನಮ್ಮ ಲೆಕ್ಕಕ್ಕೂ ತಾಳೆಯಾಗದು. ನೋಟಿಸು ಬರುವುದು ಆಗಲೇ.

ವಿಳಂಬದ ಬೆಲೆಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ತಿಂಗಳಿಗೆ 18 ಲಕ್ಷದ ಕ್ಲೇಮು ಕಳಿಸುವ ಆಸ್ಪತ್ರೆಗೆ ಹಣ 120 ದಿನಕ್ಕೆ ಬಂದರೆ 72 ಲಕ್ಷ ಹೊರಗಿರುತ್ತದೆ. 75 ದಿನಕ್ಕೆ ಬಂದರೆ 45 ಲಕ್ಷ. ವ್ಯತ್ಯಾಸದ 27 ಲಕ್ಷಕ್ಕೆ ಶೇ. 11ರಂತೆ ಬ್ಯಾಂಕಿನ ಬಡ್ಡಿ ವರ್ಷಕ್ಕೆ 2.97 ಲಕ್ಷ. ಒಬ್ಬ ಒಳ್ಳೆಯ ಕ್ಲೇಮು ಗುಮಾಸ್ತನ ಪಗಾರ ಇದರಲ್ಲಿ ಸಲ್ಲುತ್ತದೆ.

ಸರ್ಕಾರದಿಂದ ಹಣ ಬಂದಿಲ್ಲವೆಂಬ ಕಾರಣ ಸರಬರಾಜುದಾರನೆದುರು ನಿಲ್ಲುವುದಿಲ್ಲ. 2006ರ ಅತಿಸಣ್ಣ, ಸಣ್ಣ ಉದ್ಯಮಗಳ ಕಾಯಿದೆಯಂತೆ ಲಿಖಿತ ಕರಾರಿದ್ದರೂ ಅವಧಿ 45 ದಿನ ಮೀರಕೂಡದು. ಮೀರಿ ಉಳಿದ ಬಾಕಿಯನ್ನು ಆ ವರ್ಷದ ಖರ್ಚೆಂದು ತೋರಿಸಲಾಗದೆಂಬ ಆದಾಯ ತೆರಿಗೆಯ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ನೋಂದಾಯಿತ ಉತ್ಪಾದಕರಿಗೆ ಇದು ಬಲವಾದ ಅಸ್ತ್ರ. ಬರೀ ಕೊಂಡು ಮಾರುವ ವರ್ತಕರಿಗೆ ಇದರ ರಕ್ಷಣೆಯಿಲ್ಲವೆಂಬುದು ನನ್ನ ಮಟ್ಟಿಗೆ ಅನ್ಯಾಯವೇ.

ಆ ಆಸ್ಪತ್ರೆಯವರು ದಾಖಲಾತಿಯ ಮೇಜಿನಲ್ಲಿಯೇ ಕಾಗದಪತ್ರ ಪರಿಶೀಲಿಸಲು ಒಬ್ಬಳನ್ನು ನೇಮಿಸಿದರು. ಪ್ರತಿ ಶನಿವಾರ 30, 60, 90 ದಿನ ದಾಟಿದ ಬಾಕಿಗಳ ಪಟ್ಟಿ ವೈದ್ಯರ ಮೇಜಿಗೆ ಬರತೊಡಗಿತು. ಆರು ತಿಂಗಳಲ್ಲಿ ಪಗಾರ ತಿಂಗಳ ಐದನೆಯ ತಾರೀಖಿಗೆ ಬಂದು ನಿಂತಿತು. ಎರಡು ವರ್ಷ ಹಳೆಯ ಕ್ಲೇಮುಗಳು ಮಾತ್ರ ಬರಲಿಲ್ಲ. ಅವನ್ನು ಮುಳುಗಿದ ಬಾಕಿಯೆಂದು ಬರೆದುಹಾಕಿದೆವು.