ಹೊಲ ಕಾಯುವ ಕ್ಯಾಮೆರಾಕ್ಕೆ ಬ್ಯಾಟರಿ ಸಾಲುತ್ತಿಲ್ಲವೇ?

ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತ 13 ಸಾವಿರ ಎಕರೆಯಲ್ಲಿ ಹರಡಿರುವ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಅದೇ ತಾಲ್ಲೂಕಿನಲ್ಲಿ ಕಾಡುಹಂದಿ, ಕರಡಿಗಳ ಮೇಲೆ ಕಣ್ಣಿಡಲು ಶೇಂಗಾ ಹೊಲದ ಬದುವಿನಲ್ಲಿ ನೆಟ್ಟ ಕ್ಯಾಮೆರಾಕ್ಕೆ ಮಾತ್ರ ಅಂಗೈಯಗಲದ ಪ್ಯಾನೆಲ್ಲು, ಒಂದು ಸಣ್ಣ ಬ್ಯಾಟರಿಯೇ ಗತಿ.

ವೈರಿಲ್ಲದ ಸೆನ್ಸರ್ ಜಾಲ ಈ ತಾಲ್ಲೂಕಿಗೆ ಹೊಸದಲ್ಲ. 2000ರ ದಶಕದ ಮಧ್ಯದಲ್ಲೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೌಸಾನ್ ತಾಂತ್ರಿಕ ವಿಶ್ವವಿದ್ಯಾಲಯದವರು ‘ಕಾಮನ್‌ಸೆನ್ಸ್ ನೆಟ್’ ಯೋಜನೆಯಡಿ ಚೆನ್ನಕೇಶವಪುರದ ಮಳೆಯಾಶ್ರಿತ ಹೊಲಗಳಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್‌ಗಳನ್ನು ಇಟ್ಟಿದ್ದರು. ಆದರೆ ತೇವದ ಒಂದು ಅಳತೆಗೆ ಎರಡು ಬೈಟ್ ಸಾಕು. 640×480 ಚುಕ್ಕಿಗಳ ಬಣ್ಣದ ಚಿತ್ರ ಕುಗ್ಗಿಸದಿದ್ದರೆ 9,21,600 ಬೈಟ್! ತೊಂದರೆ ಶುರುವಾಗುವುದೇ ಇಲ್ಲಿ.

ಮೊದಲು ಲೆಕ್ಕ ಹಾಕಿ

ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ಇಎಸ್‌ಪಿ32 ಕ್ಯಾಮೆರಾ ಬೋರ್ಡನ್ನೇ ತೆಗೆದುಕೊಳ್ಳೋಣ. ಚಿತ್ರ ತೆಗೆದು ವೈಫೈನಲ್ಲಿ ಕಳಿಸುವಾಗ ಸುಮಾರು 200 ಮಿಲಿಆಂಪ್ ಎಳೆಯುತ್ತದೆ ಎನ್ನಿ. ಒಂದು ಚಿತ್ರಕ್ಕೆ 10 ಸೆಕೆಂಡ್ ಹಿಡಿದರೆ, ದಿನಕ್ಕೆ 100 ಚಿತ್ರಕ್ಕೆ ಖರ್ಚು 56 ಮಿಲಿಆಂಪ್ ಅವರ್ ಅಷ್ಟೆ. ವೈಫೈ ಮಾತ್ರ ಹಗಲಿರುಳು ಆನ್ ಆಗಿದ್ದು, ಸುಮ್ಮನೆ ಕಿವಿಗೊಟ್ಟು ಕೂತು 100 ಮಿಲಿಆಂಪ್ ತಿಂದರೆ ದಿನಕ್ಕೆ 2,400! 2,600ರ ಬ್ಯಾಟರಿ ಒಂದೇ ದಿನಕ್ಕೆ ಬಹುತೇಕ ಖಾಲಿ. ಬೋರ್ಡು ಮಲಗಿದ್ದಾಗಲೂ 6 ಮಿಲಿಆಂಪ್ ಸೋರುತ್ತಿದ್ದರೆ ದಿನಕ್ಕೆ 144. ಅಂದರೆ ಚಿತ್ರಗಳಿಗಿಂತ ನಿದ್ದೆಗೇ ಹೆಚ್ಚು ಖರ್ಚು. ಹೀಗಾಗಿ ಕ್ಯಾಮೆರಾ ಕೊಳ್ಳುವಾಗ ಎಷ್ಟು ಮೆಗಾಪಿಕ್ಸೆಲ್ ಎನ್ನುವುದಕ್ಕಿಂತ ಮಲಗಿದಾಗ ಎಷ್ಟು ಕರೆಂಟ್ ತಿನ್ನುತ್ತದೆ ಎಂದು ಕೇಳಿ. ಅಂಗಡಿಯವರಿಗೆ ಗೊತ್ತಿಲ್ಲದಿದ್ದರೆ ಮಲ್ಟಿಮೀಟರ್ ಹಿಡಿದು ನೀವೇ ನೋಡಿಕೊಳ್ಳಿ.

ಎಬ್ಬಿಸುವುದು ಯಾವಾಗ?

ಮೈಬಿಸಿ ಗುರುತಿಸುವ ಪಿಐಆರ್ ಸೆನ್ಸರ್ ಅತಿ ಕಡಿಮೆ ಕರೆಂಟಿನಲ್ಲಿ ಎಚ್ಚರವಾಗಿರುತ್ತದೆ. ಪ್ರಾಣಿ ಹತ್ತಿರ ಸುಳಿದಾಗ ಮಾತ್ರ ಕ್ಯಾಮೆರಾವನ್ನು ಎಬ್ಬಿಸುವ ಕೆಲಸ ಅದಕ್ಕೆ ಬಿಡಿ. ಆದರೆ ಇಲ್ಲಿನ ಬೇಸಿಗೆಯ ಮಧ್ಯಾಹ್ನ ನೆಲವೇ ಪ್ರಾಣಿಯ ಮೈಯಷ್ಟು ಕಾದಿರುವುದರಿಂದ ಅದಕ್ಕೆ ವ್ಯತ್ಯಾಸ ತಿಳಿಯದು. ಬಿಸಿಲಿಗೆ ಕಾದು ಗಾಳಿಗೆ ಅಲ್ಲಾಡುವ ಹುಲ್ಲಿಗೂ ಸುಳ್ಳು ಎಚ್ಚರಿಕೆ ಕೊಡುತ್ತದೆ. ಹಂದಿ, ಕರಡಿ ಹೊಲಕ್ಕೆ ಇಳಿಯುವುದು ಹೆಚ್ಚಾಗಿ ರಾತ್ರಿಯೇ. ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಕಾವಲಿಗಿಟ್ಟು, ಹಗಲು ಪೂರ್ತಿ ಮಲಗಿಸಿ. ಸೆನ್ಸರ್ ಮುಂದಿನ ಹುಲ್ಲು ಕೊಯ್ದುಬಿಡಿ, ಮುಖ ಪೂರ್ವ-ಪಶ್ಚಿಮಕ್ಕೆ ಬೇಡ. ರಾತ್ರಿ ಬೆಳಕು ಕೊಡುವ ಇನ್‌ಫ್ರಾರೆಡ್ ದೀಪ ಚಿತ್ರ ತೆಗೆಯುವ ಗಳಿಗೆಯಲ್ಲಷ್ಟೇ ಹೊತ್ತಲಿ.

ಚಿತ್ರ ಕುಗ್ಗಿಸಿ, ಆಯ್ದು ಕಳಿಸಿ

ಇನ್‌ಫ್ರಾರೆಡ್ ಬೆಳಕಿನಲ್ಲಿ ನಿಜವಾದ ಬಣ್ಣ ಸಿಗುವುದಿಲ್ಲ, ಕಪ್ಪು-ಬಿಳುಪೇ ಸಾಕು. ಹಂದಿಯೋ ದನವೋ ತಿಳಿಯಲು 640×480 ಧಾರಾಳ. ಜೆಪೆಗ್ ರೂಪಕ್ಕೆ ಇಳಿಸಿದರೆ ಅದು ಸಾಮಾನ್ಯವಾಗಿ ಹತ್ತಾರು ಸಾವಿರ ಬೈಟ್‌ಗೆ ಇಳಿಯುತ್ತದೆ. ಹೀಗೆ ಕುಗ್ಗಿಸುವುದಕ್ಕೂ ಶಕ್ತಿ ಬೇಕು. ಸಣ್ಣ ಪ್ರೊಸೆಸರ್ ತಾನೇ ಕೂತು ಲೆಕ್ಕ ಮಾಡಿದರೆ ಉಳಿತಾಯದ ದೊಡ್ಡ ಪಾಲು ಅಲ್ಲೇ ಕರಗುತ್ತದೆ. ಒವಿ2640ಯಂತೆ ಜೆಪೆಗ್ ಮಾಡುವ ವ್ಯವಸ್ಥೆ ಒಳಗೇ ಇರುವ ಕ್ಯಾಮೆರಾ ಚಿಪ್ ಆರಿಸಿ.

ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ವ್ಯತ್ಯಾಸವಿಲ್ಲದಿದ್ದರೆ ಕಳಿಸುವ ಅಗತ್ಯವೇ ಇಲ್ಲ. ಇದ್ದರೆ ಮೊದಲು ಅಂಚೆಚೀಟಿಯಷ್ಟು ಚಿತ್ರ ಹೋಗಲಿ, ನೀವು ಕೇಳಿದರೆ ಮಾತ್ರ ಪೂರ್ತಿ ಚಿತ್ರ. ನಿದ್ದೆಯ ಕರೆಂಟ್ ಹಿಡಿತಕ್ಕೆ ಬಂದ ಮೇಲೆ, ನನ್ನ ಮಟ್ಟಿಗೆ ಅತಿ ಹೆಚ್ಚು ಉಳಿಸುವುದು ಇದೇ: ಕಳಿಸದೆ ಬಿಟ್ಟ ಚಿತ್ರ.

ರೇಡಿಯೋ, ದೂರ, ದಾರಿ

ಬಯಲಿನಲ್ಲೂ ದೂರ ಎರಡು ಪಟ್ಟಾದರೆ ಅದೇ ಸಿಗ್ನಲ್ ತಲುಪಿಸಲು ನಾಲ್ಕು ಪಟ್ಟು ಶಕ್ತಿ ಬೇಕು. ಆಂಟೆನಾ ನೆಲಕ್ಕೆ ಅಂಟಿಕೊಂಡಿದ್ದರೆ ಇನ್ನೂ ಹೆಚ್ಚು. ಕಾಸು ಖರ್ಚಿಲ್ಲದ ಮದ್ದೆಂದರೆ ಆಂಟೆನಾವನ್ನು ಅಟ್ಟಣೆಯ ಎತ್ತರಕ್ಕೆ ಏರಿಸುವುದು. ಲೋರಾ ರೇಡಿಯೋ ಮೈಲಿಗಟ್ಟಲೆ ಹೋಗುತ್ತದೆಂದು ಅದರಲ್ಲಿ ಚಿತ್ರ ತುರುಕಬೇಡಿ. ಅದರ ಒಂದು ಪ್ಯಾಕೆಟ್‌ಗೆ ಹಿಡಿಯುವುದು ಹೆಚ್ಚೆಂದರೆ 200 ಚಿಲ್ಲರೆ ಬೈಟ್. ‘ಏನೋ ಬಂದಿದೆ’ ಎಂಬ ಸುದ್ದಿಗೆ ಲೋರಾ, ಚಿತ್ರಕ್ಕೆ ಆ ಗಳಿಗೆ ಮಾತ್ರ ಎದ್ದೇಳುವ ವೈಫೈ, ಈ ಜೋಡಿ ಒಳ್ಳೆಯದು. ದಾರಿಯಲ್ಲಿ ಪ್ಯಾಕೆಟ್ ಕಳೆದರೆ ಕಳೆದದ್ದನ್ನಷ್ಟೇ ಮತ್ತೆ ಕಳಿಸುವಂತೆ ಪ್ರೋಗ್ರಾಂ ಇರಲಿ.

ಕ್ಯಾಮೆರಾಗಳು ಒಂದರಿಂದ ಒಂದಕ್ಕೆ ಚಿತ್ರ ದಾಟಿಸುವ ಜಾಲವಾದರೆ, ಮನೆಗೆ ಹತ್ತಿರವಿರುವುದು ಉಳಿದೆಲ್ಲವುಗಳ ಹೊರೆ ಹೊತ್ತು ಮೊದಲು ಸಾಯುತ್ತದೆ. ಅದು ನಿಂತರೆ ಹಿಂದಿನವು ಎಷ್ಟು ಚೆನ್ನಾಗಿದ್ದರೂ ದಂಡ. ದೊಡ್ಡ ಬ್ಯಾಟರಿ, ದೊಡ್ಡ ಪ್ಯಾನೆಲ್ ಅದಕ್ಕೇ ಹಾಕಿ.

ಪ್ಯಾನೆಲ್ ಮೇಲಿನ ಧೂಳು ಒರೆಸುತ್ತಿರಿ. ಕ್ಯಾಮೆರಾದ ಮುಖ ಪಕ್ಕದವರ ಮನೆ, ದಾರಿಯತ್ತ ತಿರುಗದಿರಲಿ. ಬಿತ್ತನೆಗೆ ಮುಂಚೆಯೇ ಒಂದು ವಾರ ಮನೆಯಂಗಳದಲ್ಲಿ, ಪ್ಯಾನೆಲ್ ಬಿಚ್ಚಿಟ್ಟು ಓಡಿಸಿ ನೋಡಿ. ದಿನವೂ ಸಂಜೆ ವೋಲ್ಟೇಜ್ ಬರೆದಿಡಿ. ಮೋಡ ಮುಸುಕಿದ ದಿನಗಳನ್ನು ದಾಟಬೇಕೆಂದರೆ ಬಿಸಿಲಿನ ನೆರವಿಲ್ಲದೆ ಐದು ದಿನವಾದರೂ ನಡೆಯಬೇಕು. ನಡೆಯದಿದ್ದರೆ ದೊಡ್ಡ ಬ್ಯಾಟರಿ ತರುವ ಮೊದಲು ನಿದ್ದೆಯ ಕರೆಂಟನ್ನು ಇನ್ನೊಮ್ಮೆ ಅಳೆಯಿರಿ.